ಆರನೇ ಸೀಟಿನ ಹಾಡು

ಅಂಧೇರಿ, ಮುಂಬೈ
೪ ಆಗಸ್ಟ್ ೨೦೨೪

ಮ್ಯಾಗಿ,

ಲಕೋಟೆಯ ಮೇಲಿನ ಅಕ್ಷರ ನೋಡಿದಾಗಲೇ ನಿನಗೆ ಗೊತ್ತಾಗಿರುತ್ತದೆ. ಒಡೆಯದೆ ಮೇಜಿನ ಖಾನೆಯೊಳಗೆ ಹಾಕಿಬಿಡುವ ಹಕ್ಕು ನಿನಗುಂಟು. ಒಡೆದಿದ್ದರೆ ಮಾತ್ರ ದಯವಿಟ್ಟು ಕೊನೆಯವರೆಗೆ ಓದು.

ನಿನ್ನ ಹಳೆಯ ನಂಬರ್ ಬದಲಾಗಿದೆ ಎಂದು ತಿಳಿದ ಮೇಲೂ ಅದಕ್ಕೆ ಎಷ್ಟೋ ಸಲ ಫೋನ್ ಮಾಡಿದ್ದೇನೆ. ಹೊಸದನ್ನು ಯಾರಲ್ಲಾದರೂ ಕೇಳಬಹುದಿತ್ತು. ಮನಸ್ಸು ಬರಲಿಲ್ಲ. ನೀನು ಕೊಡದೆ ಇರುವುದನ್ನು ಬೇರೆಯವರಿಂದ ತೆಗೆದುಕೊಳ್ಳುವುದು ಹೇಗೆ? ಕಾರ್ಕಳದ ಶಾಲೆಯಲ್ಲಿ ನೀನು ಸಂಗೀತದ ಟೀಚರ್ ಎಂದು ಅಮ್ಮ ಹೇಳಿದ್ದರು. ಅಲ್ಲಿಗೇ ಬರೆಯುತ್ತಿದ್ದೇನೆ.

ವಿಷಯ ಇಷ್ಟು. ಕಳೆದ ವಾರ ತಮ್ಮ ಧನರಾಜ್ ಫೋನಿಗೆ ಒಂದು ಪೋಸ್ಟರ್ ಕಳಿಸಿದ. ಮಣಿಪಾಲದಲ್ಲಿ ಲಿಯೋನೆಲ್ ಎಂಬವರ ತಂಡ ಒಂದು ಸಂಗೀತ ನಾಟಕ ಮಾಡುತ್ತಿದೆ, ಹಾಡಲು ಬರುವವರು ಬೇಕಾಗಿದ್ದಾರೆ ಎಂದಿತ್ತು. ಕೆಳಗೆ ‘ಸಂಗೀತ: ಮ್ಯಾಗ್ಡಲಿನ್ ರೊಸಾರಿಯೊ’. ನಾಟಕದ ಹೆಸರಿಗಿಂತ ಮೊದಲು ನಾನು ಓದಿದ್ದು ಅದನ್ನು.

ನಾನು ಆಯ್ಕೆಗೆ ಬರಬಹುದಾ? ನಿನ್ನನ್ನು ಕೇಳದೆ ಬರಬಾರದು ಅನಿಸಿತು.

ಒಂದೂವರೆ ಕೋಟಿ ಜನ ನೋಡಿದ ಹಾಡಿನವಳಿಗೆ ಮಣಿಪಾಲದ ನಾಟಕ ಎಂತಕ್ಕೆ ಎಂದು ನೀನು ಕೇಳಬಹುದು. ಇದನ್ನು ನಾನು ಅಮ್ಮನಿಗೂ ಹೇಳಿಲ್ಲ. ಮೂರು ವರ್ಷದಿಂದ ನಾನು ವೇದಿಕೆಯ ಮೇಲೆ ಹಾಡಿಲ್ಲ, ಮ್ಯಾಗಿ. ಕುಣಿಯುತ್ತೇನೆ, ಬಾಯಿ ಆಡಿಸುತ್ತೇನೆ. ಸ್ಟುಡಿಯೋದಲ್ಲಿ ತುಂಡು ತುಂಡಾಗಿ ಹಾಡಿಸಿ, ತಪ್ಪಿದ ಸ್ವರವನ್ನು ಯಂತ್ರದಲ್ಲಿ ಎಳೆದು ಸರಿಮಾಡಿ ಇಟ್ಟ ಟ್ರ್ಯಾಕ್ ಹಿಂದಿನಿಂದ ಹಾಡುತ್ತದೆ. ಮೊದಲು ಒಂದು ಹಾಡಿಗೆ ಎಂದರು, ಕುಣಿತ ಜಾಸ್ತಿ ಉಂಟು ಎಂದು. ಆಮೇಲೆ ಎಲ್ಲದಕ್ಕೂ.

ಜೂನ್‌ನಲ್ಲಿ ಮುಂಬೈ ಹತ್ತಿರದ ಠಾಣೆ ಊರಿನಲ್ಲಿ ಕಾರ್ಯಕ್ರಮವಿತ್ತು. ಎಂಟು ಸಾವಿರ ಜನ. ಅದೇ ಹಾಡು. ಕಾಪುವಿನ ನಿಮ್ಮ ಅಡುಗೆಮನೆಯಲ್ಲಿ ನೀನು ಪಾತ್ರೆ ಬಡಿದು ರಾಗ ಕಟ್ಟಿ ನಾನು ಹಾಡಿದ್ದು, ಈಗ ಬೇರೆ ಯಾರದ್ದೋ ಹೆಸರಿನ ಕೆಳಗೆ ಇರುವುದು. ನಡುವಿನಲ್ಲಿ ಟ್ರ್ಯಾಕ್ ನಿಂತುಹೋಯಿತು. ಕೈಯಲ್ಲಿದ್ದ ಮೈಕ್ ಸರಿಯಾಗಿಯೇ ಇತ್ತು, ನಾನು ಹಾಡಬಹುದಿತ್ತು. ಬಾಯಿ ತೆರೆದೆ. ಏನೂ ಹೊರಡಲಿಲ್ಲ. ಹೆದರಿ ಮೈಕನ್ನು ಜನರ ಕಡೆ ಚಾಚಿದೆ. ಅವರೇ ಹಾಡಿದರು. ನಾನು ಬೇಕೆಂದೇ ಹಾಗೆ ಮಾಡಿದ್ದು ಎಂದುಕೊಂಡು ಚಪ್ಪಾಳೆ ತಟ್ಟಿದರು. ಒಳಗೆ ಹೋಗಿ ವಾಂತಿ ಮಾಡಿಕೊಂಡೆ.

ಹಳೆಯದರ ಬಗ್ಗೆ ಈ ಪತ್ರದಲ್ಲಿ ಬರೆಯುತ್ತಿಲ್ಲ. ಬರೆಯಬೇಕೆಂದು ಗೊತ್ತುಂಟು.

ಬೇಡ ಎಂದರೆ ಬರುವುದಿಲ್ಲ.

ನವ್ಯಶ್ರೀ


ಕಾರ್ಕಳ
೧೯ ಆಗಸ್ಟ್ ೨೦೨೪

ನವ್ಯಶ್ರೀ,

ಆಯ್ಕೆ ಎಲ್ಲರಿಗೂ ಮುಕ್ತ. ಸೆಪ್ಟೆಂಬರ್ ೧೫, ಭಾನುವಾರ, ಬೆಳಿಗ್ಗೆ ಹತ್ತಕ್ಕೆ. ಸ್ಥಳ ಪೋಸ್ಟರಿನಲ್ಲಿ ಉಂಟು. ಎರಡು ಹಾಡಿನ ಸಾಹಿತ್ಯ ಮತ್ತು ಸ್ವರ ಇದರೊಂದಿಗೆ ಇಟ್ಟಿದ್ದೇನೆ, ಬಂದವರಿಗೆಲ್ಲ ಅದನ್ನೇ ಕೊಡುತ್ತಿದ್ದೇವೆ. ಟ್ರ್ಯಾಕ್ ತರಬಾರದು, ಮೈಕ್ ಇರುವುದಿಲ್ಲ. ಹಾರ್ಮೋನಿಯಂ ಒಂದೇ. ನುಡಿಸುವುದು ನಾನು.

ಹಳೆಯದನ್ನು ಬರೆಯದೆ ಇದ್ದದ್ದು ಒಳ್ಳೆಯದಾಯಿತು.

ಮ್ಯಾಗ್ಡಲಿನ್


ಕಾಪು
೧೬ ಸೆಪ್ಟೆಂಬರ್ ೨೦೨೪

ಮ್ಯಾಗಿ,

ನಿನ್ನೆ ನಿನ್ನೊಡನೆ ಒಂದೂ ಮಾತಾಡದೆ ಬಂದೆ. ನೀನೂ ಆಡಲಿಲ್ಲ. ಕೂದಲು ಗಿಡ್ಡ ಮಾಡಿಕೊಂಡಿದ್ದೀ, ಚೆನ್ನಾಗಿ ಕಾಣುತ್ತದೆ. ಹೇಳಬೇಕು ಎನಿಸಿತ್ತು.

ಸರದಿಯಲ್ಲಿ ನಾನು ಹದಿನೇಳನೆಯವಳು. ನನ್ನ ಮುಂದೆ ಇದ್ದ ಕಾಲೇಜಿನ ಹುಡುಗಿಯರು ಸೆಲ್ಫಿ ಕೇಳಿದರು, ನಕ್ಕು ನಿಂತೆ. ಲಿಯೋನೆಲ್ ಸರ್ ಹಾಡು ಎಂದಾಗ ಮೊದಲ ಎರಡು ಸಾಲು ಹೇಗೋ ದಾಟಿದೆ. ಮೂರನೆಯ ಸಾಲಿನ ಮೇಲಿನ ಸ್ವರದಲ್ಲಿ ಗಂಟಲು ಬಟ್ಟೆ ಹರಿದ ಹಾಗೆ ಹರಿಯಿತು. ಕ್ಷಮಿಸಿ ಎಂದು ಹೇಳಿ ಹೊರಗೆ ಹೋಗುವವಳೇ ಇದ್ದೆ. ಆಗ ಲಿಯೋನೆಲ್ ಸರ್ ಕೇಳಿದರಲ್ಲ, “ಅದೆಂತ, ಬಲಗೈಯಲ್ಲಿ ಹಿಡಿದುಕೊಂಡದ್ದು?” ನೋಡಿದರೆ ನನ್ನ ಕೈ ಗಲ್ಲದ ಹತ್ತಿರ ಮುಷ್ಟಿ ಕಟ್ಟಿಕೊಂಡು ಇಲ್ಲದ ಮೈಕನ್ನು ಹಿಡಿದು ನಿಂತಿತ್ತು. ಎಲ್ಲರೂ ನಕ್ಕರು. ನನಗೂ ನಗು ಬಂತು. ಅಷ್ಟರಲ್ಲಿ ನೀನು ತಲೆ ಎತ್ತದೆ ಹಾರ್ಮೋನಿಯಂನಲ್ಲಿ ಶ್ರುತಿಯನ್ನು ಎರಡು ಮನೆ ಕೆಳಗೆ, ನನ್ನ ಗಂಟಲಿಗೆ ಎಟುಕುವಲ್ಲಿಗೆ, ಇಳಿಸಿದೆ, ಮತ್ತೆ ಮೊದಲಿನಿಂದ ನುಡಿಸಲು ಸುರು ಮಾಡಿದೆ.

ಯಾರೂ ನಿನಗೆ ಹಾಗೆ ಮಾಡು ಎಂದಿರಲಿಲ್ಲ.

ಎರಡನೆಯ ಸಲ ಹೇಗೆ ಹಾಡಿದೆ ಎಂದು ನನಗೆ ನೆನಪಿಲ್ಲ. ಮುಗಿಯುವವರೆಗೆ ಹಾಡಿದೆ ಎಂಬುದಷ್ಟೇ ಗೊತ್ತು. ಸಿಗದಿದ್ದರೂ ಪರವಾಗಿಲ್ಲ. ಒಂದು ಹಾಡನ್ನು ಸುರುವಿನಿಂದ ಕೊನೆಯವರೆಗೆ ನನ್ನದೇ ಗಂಟಲಿನಲ್ಲಿ ಹಾಡಿ ಎಷ್ಟು ಕಾಲವಾಗಿತ್ತು.

ಇವತ್ತು ಉಡುಪಿಗೆ ಹೋಗಿ ಗಂಟಲಿನ ಡಾಕ್ಟರಿಗೆ ತೋರಿಸಿ ಬಂದೆ. ಗಂಟು ಗಿಂಟು ಏನಾದರೂ ಬೆಳೆದಿರಬಹುದು ಎಂಬ ಭಯ ವರ್ಷದಿಂದ ಇತ್ತು, ತೋರಿಸಲು ಧೈರ್ಯ ಇರಲಿಲ್ಲ. ಅವರು ಕೊಳವೆ ಇಳಿಸಿ ನೋಡಿ ಹೇಳಿದರು, ಕಾಯಿಲೆ ಎಂತದ್ದೂ ಇಲ್ಲ, ಕೆಲಸವಿಲ್ಲದೆ ಸೋತಿದೆ ಅಷ್ಟೆ, ದಿನಾ ಹಾಡಿ ಎಂದು. ಗಾಯಕಿಗೆ ದಿನಾ ಹಾಡಿ ಎಂದು ಚೀಟಿ ಬರೆದುಕೊಟ್ಟರು. ನಾಚಿಕೆಯೂ ಆಯಿತು, ಬಸ್ಸಿನಲ್ಲಿ ಕುಳಿತ ಮೇಲೆ ಅಳುವೂ ಬಂತು. ಒಳ್ಳೆಯ ಅಳು.

ಈ ಪತ್ರಕ್ಕೆ ಉತ್ತರ ಬೇಕೆಂದಿಲ್ಲ.

ನವ್ಯ


ಕಾರ್ಕಳ
೨೨ ಸೆಪ್ಟೆಂಬರ್ ೨೦೨೪

ನವ್ಯ,

ನೀನು ಆಯ್ಕೆಯಾಗಿದ್ದೀ. ಶಿಫಾರಸು ನನ್ನದಲ್ಲ. ಲಿಯೋನೆಲ್ ಸರ್ ಕೇಳಿದಾಗ ನಾನು ಬೇಡ ಎನ್ನಲಿಲ್ಲ, ಅಷ್ಟೆ.

ನಾಟಕ ಒಂದು ಬಸ್ಸಿನದ್ದು. ಕಾಪುವಿನಿಂದ ಹೊರಟು ನಂದಿಕೂರು, ನಿಟ್ಟೆ, ಕಾರ್ಕಳ ದಾಟಿ ಅಜೆಕಾರಿಗೆ ಹೋಗುವ ಹಳೆಯ ಬಸ್ಸು, ಅದರ ಕೊನೆಯ ದಿನ. ಕಂಡಕ್ಟರ್ ಮುದ್ದಣ್ಣ ಮುಖ್ಯ ಪಾತ್ರ. ಹತ್ತಿದವರೆಲ್ಲ ಒಂದೊಂದು ಹಾಡು ಹಾಡುತ್ತಾರೆ. ನಿನ್ನ ಪಾತ್ರ ಗುಣವತಿ, ಆರನೇ ಸೀಟು. ಅಜೆಕಾರಿಗೆ ಮದುವೆಯಾಗಿ ಹೋದ ಮಗಳ ಜತೆ ಮಾತು ಬಿಟ್ಟು ಮೂರು ವರ್ಷ. ತಿಂಗಳಿಗೊಮ್ಮೆ ಅಜೆಕಾರಿಗೆ ಟಿಕೆಟ್ ಮಾಡಿಸಿ ಹತ್ತುತ್ತಾಳೆ, ಧೈರ್ಯ ಸಾಲದೆ ನಿಟ್ಟೆಯಲ್ಲಿ ಇಳಿದು ಹಿಂದೆ ಹೋಗುತ್ತಾಳೆ. ಆ ದಿನ ಇಳಿಯುವುದಿಲ್ಲ. ಅಲ್ಲಿ ಹಾಡು. ಒಂದೇ ಹಾಡು. ಉಳಿದ ಒಂದೂವರೆ ಗಂಟೆ ಕುಳಿತು ಬೇರೆಯವರ ಹಾಡು ಕೇಳಬೇಕು, ಮೇಳದಲ್ಲಿ ದನಿ ಸೇರಿಸಬೇಕು. ಇದು ನಿನಗೆ ಆಗುತ್ತದಾ ಎಂದು ಈಗಲೇ ಯೋಚಿಸು. ಆಮೇಲೆ ಹೇಳುವುದು ಬೇಡ.

ನೀನು ಹಾಡುವುದು ಒಬ್ಬರ ಕಿವಿಯ ಹತ್ತಿರ ಪಿಸುಗುಟ್ಟಿದ ಹಾಗೆ. ಮೈಕಿಗೆ ಅದು ಸರಿ. ನಮ್ಮಲ್ಲಿ ಮೇಲಿನಿಂದ ಮೂರು ಮೈಕ್ ತೂಗಾಡುತ್ತವೆ, ಯಾರೂ ಅದನ್ನು ನಂಬುವ ಹಾಗಿಲ್ಲ. ಕೊನೆಯ ಸಾಲಿನಲ್ಲಿ ಕಡಲೆ ತಿನ್ನುತ್ತ ಕುಳಿತವನಿಗೆ ಪ್ರತಿ ಪದ ತಲುಪಬೇಕು. ದಿನಾ ಬೆಳಿಗ್ಗೆ ಬಾವಿಯ ಹತ್ತಿರ ನಿಂತು ಹಾಡು. ನಿನ್ನ ಅಮ್ಮ, ರತ್ನಾವತಿ ಅಮ್ಮ, ಅಡುಗೆಮನೆಯಲ್ಲಿ ಕುಳಿತು ಕೇಳಿಸಿಕೊಂಡು ಸಾಲನ್ನು ತಿರುಗಿ ಹೇಳಲಿ. ಅವರಿಗೆ ಪದ ಸಿಗದಿದ್ದರೆ ನೀನು ಹಾಡಿದ್ದು ಲೆಕ್ಕವಿಲ್ಲ. ಸಮುದ್ರದ ಎದುರು ನಿಂತು ಕಿರುಚಬೇಡ, ಅದರಿಂದ ಏನೂ ಉಪಯೋಗವಿಲ್ಲ.

ತಾಲೀಮು ಶನಿವಾರ, ಭಾನುವಾರ. ಅಲ್ಲಿ ಹಾಡಿನ ಮಾತು ಮಾತ್ರ ಆಡೋಣ. ಬೇರೆ ಏನಾದರೂ ಇದ್ದರೆ ಬರೆ. ನಿನ್ನ ಬಾಯಿಂದ ಕೇಳಿದರೆ ನಾನು ಬೇಗ ಒಪ್ಪಿಬಿಡುತ್ತೇನೆ, ಮೊದಲಿನಿಂದಲೂ. ಕಾಗದದಲ್ಲಿ ಆದರೆ ಎರಡು ಸಲ ಓದಬಹುದು.

ಡಾಕ್ಟರು ಹೇಳಿದ್ದು ಕೇಳಿ ಸಮಾಧಾನವಾಯಿತು.

ಮ್ಯಾಗ್ಡಲಿನ್


ಕಾಪು
೨೧ ಅಕ್ಟೋಬರ್ ೨೦೨೪

ಮ್ಯಾಗಿ,

ಬಾವಿಕಟ್ಟೆಯ ವರದಿ ಮೊದಲು. ‘ಇಳಿಯಲಾರೆ ನಿಟ್ಟೆಯಲ್ಲಿ’ ಎಂದು ನಾನು ಹಾಡಿದರೆ ಅಮ್ಮ ಒಳಗಿನಿಂದ, “ಇಲಿ ಯಾರೆ, ನಿಟ್ಟೆಯಲ್ಲಿ?” ಎಂದು ಕೇಳಿದರು. ಮೂರು ದಿನ ಇಲಿಯೇ ಆಯಿತು. ನಾಲ್ಕನೆಯ ದಿನ ಇಳಿಯಿತು. ಈಗ ಅವರಿಗೆ ಇಡೀ ಹಾಡು ಬಾಯಿಪಾಠ, ಮಾರ್ಕೆಟಿನಲ್ಲಿ ಮೀನು ಕೊಯ್ಯುವಾಗ ಗುನುಗುತ್ತಾರಂತೆ.

ನೀನು ಹೇಳಿದ್ದು ನಿಜ. ಹಾಡುವುದಕ್ಕಿಂತ ಕುಳಿತಿರುವುದು ಕಷ್ಟ. ಮೊದಲ ವಾರಗಳಲ್ಲಿ ಮುದ್ದಣ್ಣ ಹಾಡುವಾಗ ನನ್ನ ಭುಜ ತಾನಾಗಿ ಕುಣಿಯುತ್ತಿತ್ತು, ಮುಖ ಪ್ರೇಕ್ಷಕರ ಕಡೆ ತಿರುಗುತ್ತಿತ್ತು. ಲಿಯೋನೆಲ್ ಸರ್ ಕರೆದು, ಗುಣವತಿಗೆ ತನ್ನನ್ನು ಜನ ನೋಡುತ್ತಾರೆ ಎಂದು ಗೊತ್ತಿಲ್ಲ ಎಂದರು. ಮೇಳದಲ್ಲಿ ನನ್ನ ದನಿ ಎದ್ದು ಕೇಳುತ್ತದೆ ಎಂದು ನೀನು ಎಲ್ಲರೆದುರು ಏಳು ಸಲ ನಿಲ್ಲಿಸಿದೆ. ಏಳನೆಯ ಸಲ ನನಗೆ ಸಿಟ್ಟು ಬಂದಿತ್ತು. ಆದರೆ ನಿನ್ನೆ ಭಾನುವಾರ ಹಾಡುತ್ತಿರುವಾಗ ನನ್ನ ದನಿ ಎಲ್ಲಿದೆ ಎಂದು ನನಗೇ ಸಿಗಲಿಲ್ಲ. ಹನ್ನೊಂದು ಜನರ ಒಂದೇ ದನಿ. ಅದರ ಒಳಗೆ ಎಲ್ಲೋ ನಾನೂ ಇದ್ದೆ. ಅಷ್ಟು ಹಗುರವಾಗಿ ನಾನು ಯಾವ ವೇದಿಕೆಯಲ್ಲೂ ನಿಂತಿಲ್ಲ.

ಇನ್ನೊಂದು ವಿಷಯ ಉಂಟು. ಮುಂಬೈಯಿಂದ ರೋನಿ ಫೋನ್ ಮಾಡಿದ್ದ, ನನ್ನ ಕಾರ್ಯಕ್ರಮಗಳನ್ನು ನೋಡಿಕೊಳ್ಳುವವನು. ನನ್ನ ಹಾಡುಗಳನ್ನು ಹೊರತರುವ ಕಂಪನಿಯ ಒಪ್ಪಂದ ಡಿಸೆಂಬರಿಗೆ ಮುಗಿಯುತ್ತದೆ. ವರ್ಷದ ಕೊನೆಯ ದಿನ ದುಬೈಯಲ್ಲಿ ನಮ್ಮ ಊರಿನವರದ್ದೇ ದೊಡ್ಡ ಕಾರ್ಯಕ್ರಮ. ಅದಕ್ಕೆ ಒಪ್ಪಿದರೆ ಇನ್ನು ಮೂರು ವರ್ಷ ಮುಂದುವರಿಸುತ್ತಾರೆ. ಒಪ್ಪದಿದ್ದರೆ ನನ್ನ ಜಾಗಕ್ಕೆ ಬೇರೆ ಹುಡುಗಿಯನ್ನು ನೋಡಿಟ್ಟಿದ್ದಾರೆ. ನಮ್ಮ ಪ್ರಯೋಗ ಜನವರಿ ಹನ್ನೊಂದಕ್ಕೆ, ಕೊನೆಯ ಹದಿನೈದು ದಿನ ತಾಲೀಮು ಬಿಡುವ ಹಾಗಿಲ್ಲ. ಎರಡೂ ಆಗುವುದಿಲ್ಲ. ಈ ತಿಂಗಳ ಕೊನೆಗೆ ಹೇಳಬೇಕಿತ್ತು, ನಾನು ಇನ್ನೂ ಸ್ವಲ್ಪ ದಿನ ಕೇಳಿದ್ದೇನೆ.

ಅಮ್ಮ ಏನೂ ಹೇಳುವುದಿಲ್ಲ. ಧನರಾಜ್ ಹೋಗು ಎನ್ನುತ್ತಾನೆ. ನನಗೆ ನಾಟಕವೇ ಸರಿ ಎನಿಸುತ್ತದೆ. ಆರು ವರ್ಷದ ಹಿಂದೆ ನಿನ್ನನ್ನು ಬಿಟ್ಟು ಮುಂಬೈಗೆ ಹೋದೆ. ಹಾಡು ಬಿಡುಗಡೆಯಾದಾಗ ನಿನ್ನ ಹೆಸರು ಅದರಲ್ಲಿ ಇರಲಿಲ್ಲ, ನಾನು ಸುಮ್ಮನಿದ್ದೆ. ಈ ಸಲ ಆ ಕಡೆಯನ್ನು ಬಿಟ್ಟು ನಿನ್ನ ನಾಟಕದಲ್ಲಿ ಕುಳಿತರೆ ಅದು ಸ್ವಲ್ಪವಾದರೂ ತೀರಬಹುದಾ? ಬರೆಯುವುದಿಲ್ಲ ಎಂದುಕೊಂಡಿದ್ದನ್ನು ಬರೆದೆ.

ನವ್ಯ


ಕಾರ್ಕಳ
೪ ನವೆಂಬರ್ ೨೦೨೪

ನವ್ಯ,

ನಿನ್ನ ಪತ್ರವನ್ನು ಎರಡು ಸಲ ಅಲ್ಲ, ಹತ್ತು ಸಲ ಓದಿದೆ. ಎರಡು ವಾರ ತಾಲೀಮಿನಲ್ಲಿ ನಿನ್ನ ಮುಖ ನೋಡಲು ಆಗಲಿಲ್ಲ, ನೀನು ಗಮನಿಸಿರಬಹುದು. ನೀನು ರೋನಿಗೆ ಉತ್ತರ ಕೊಡುವ ಮುಂಚೆ ಇದು ನಿನಗೆ ತಲುಪಬೇಕು. ಆದ್ದರಿಂದ ಸುತ್ತಿ ಬಳಸದೆ ಬರೆಯುತ್ತೇನೆ.

ಕಂಪನಿಯವರು ನನಗೆ ಬರೆದಿದ್ದರು.

೨೦೧೮ರ ಸೆಪ್ಟೆಂಬರಿನಲ್ಲಿ, ನೀನು ಮುಂಬೈಗೆ ಹೋಗಿ ಒಂದು ತಿಂಗಳ ಮೇಲೆ. ನವ್ಯಶ್ರೀ ನಿಮ್ಮ ಹೆಸರು ಹೇಳಿದ್ದಾರೆ, ರಾಗ ನಿಮ್ಮದಂತೆ, ಒಪ್ಪಂದಕ್ಕೆ ಸಹಿ ಬೇಕು, ಮುಂಬೈಗೆ ಬಂದು ಜತೆಯಲ್ಲಿ ಕೆಲಸ ಮಾಡುವುದಾದರೆ ಇನ್ನೂ ಒಳ್ಳೆಯದು ಎಂದು ಇ-ಮೇಲ್ ಬಂತು. ಎರಡು ಸಲ. ನಾನು ಉತ್ತರ ಕೊಡಲಿಲ್ಲ. ಎರಡನೆಯದನ್ನು ಅಳಿಸಿದೆ.

ಆಗ ಪಪ್ಪನಿಗೆ ಲಕ್ವ ಹೊಡೆದು ಹಾಸಿಗೆಯಲ್ಲಿದ್ದರು. ಅದು ನಿಜ. ಆದರೆ ಕಾರಣ ಅದಲ್ಲ. ಅಣ್ಣ ಡೊಮಿನಿಕ್ ಮನೆಯಲ್ಲೇ ಇದ್ದ, ಹೋಗು ಎಂದು ಅವನೇ ಹೇಳಿದ್ದ. ನನಗೆ ಹೆದರಿಕೆ. ಅಡುಗೆಮನೆಯಲ್ಲಿ ಪಾತ್ರೆ ಬಡಿದು ಕಟ್ಟಿದ ಹಾಡು ಅಲ್ಲಿಯವರ ಎದುರು ನಿಲ್ಲುತ್ತದೆ ಎಂಬ ನಂಬಿಕೆ ನಿನಗಿತ್ತು, ನನಗಿರಲಿಲ್ಲ. ಸೋತರೆ ಎಂತ ಮಾಡುವುದು ಎಂದು ಸುಮ್ಮನಿದ್ದೆ. ಬೇರೆಯವರ ಹೆಸರಿನಲ್ಲಿ ಹಾಡು ಬಂತು, ಗೆದ್ದಿತು. ಗೆದ್ದ ಮೇಲೆ ನಾನೇ ಬೇಡವೆಂದೆ ಎಂದು ಹೇಗೆ ಹೇಳುವುದು? ಊರಿನವರು ತಾವಾಗಿಯೇ ಮಾತಾಡಿಕೊಂಡರು, ಸ್ನೇಹಿತೆ ಮೋಸ ಮಾಡಿದಳು, ಪಾಪ ಮ್ಯಾಗಿ ಎಂದು. ನಾನು ಅಲ್ಲ ಎನ್ನಲಿಲ್ಲ. ಆ ಪಾಪ ಎನ್ನುವುದರಲ್ಲಿ ಆರು ವರ್ಷ ಬೆಚ್ಚಗೆ ಕುಳಿತಿದ್ದೆ. ನಂಬರ್ ಬದಲಿಸಿದ್ದು ನಿನ್ನ ಮೇಲಿನ ಸಿಟ್ಟಿನಿಂದ ಅಲ್ಲ. ನೀನು ಫೋನಿನಲ್ಲಿ, “ಅವರು ಬರೆದದ್ದು ನಿನಗೆ ಸಿಕ್ಕಿತಾ?” ಎಂದು ಕೇಳಿದರೆ ಎಂಬ ಭಯದಿಂದ.

ನನಗೆ ಏನೋ ತೀರಿಸಬೇಕು ಎಂದು ದುಬೈಯನ್ನು ಬಿಡಬೇಡ. ನಿನಗೆ ನಾಟಕ ಬೇಕಾದರೆ ಇರು. ದುಬೈಗೆ ಹೋಗುವುದಾದರೆ ಆರನೇ ಸೀಟಿಗೆ ಬೇರೆಯವರನ್ನು ತಯಾರು ಮಾಡುತ್ತೇನೆ, ಲಿಯೋನೆಲ್ ಸರ್‌ಗೆ ನಾನೇ ಹೇಳುತ್ತೇನೆ. ಈ ಪತ್ರ ಓದಿದ ಮೇಲೆ ನನ್ನ ಮುಖ ನೋಡಬೇಕು ಎಂದಿಲ್ಲ.

ಮ್ಯಾಗಿ


ಕಾಪು
೨ ಡಿಸೆಂಬರ್ ೨೦೨೪

ಮ್ಯಾಗಿ,

ಮೂರು ವಾರ ತಾಲೀಮಿಗೆ ಬರಲಿಲ್ಲ. ಜ್ವರ ಎಂದು ಲಿಯೋನೆಲ್ ಸರ್‌ಗೆ ಹೇಳಿದ್ದು ಸುಳ್ಳು. ನಿನಗೆ ಗೊತ್ತಿತ್ತು.

ಮೊದಲು ಬಂದದ್ದು ಸಿಟ್ಟು. ಬರೀ ಸಿಟ್ಟು. ಆರು ವರ್ಷ ಪ್ರತಿ ವೇದಿಕೆಯಲ್ಲಿ ಆ ಹಾಡಿನ ಮೊದಲ ಸ್ವರ ಬಂದಾಗ ನಿನಗೆ ಮೋಸ ಮಾಡಿದೆ ಎಂದೇ ಅನಿಸುತ್ತಿತ್ತು. ಆ ಹಾಡಿಗೆ ದನಿ ಹೊರಡದೆ ಹೋದದ್ದೂ ಅದರಿಂದಲೇ ಇರಬೇಕು. ನೀನು ಒಂದು ಸಾಲು ಬರೆದಿದ್ದರೆ ಸಾಕಿತ್ತು. ಪತ್ರವನ್ನು ಮುದುಡಿ ಎಸೆದೆ. ಅಮ್ಮ ಅದನ್ನು ಹೆಕ್ಕಿ ನೇರ ಮಾಡಿ ದೇವರ ಕೋಣೆಯಲ್ಲಿ ಇಟ್ಟರು, ಓದದೆ. ಅದೇ ಸಿಟ್ಟಿನಲ್ಲಿ ರೋನಿಗೆ ಫೋನ್ ಮಾಡಿ ದುಬೈಗೆ ಬರುತ್ತೇನೆ ಎಂದೆ.

ಅವನಿಗೆ ತುಂಬಾ ಖುಷಿಯಾಯಿತು. ಅವನು ಕೆಟ್ಟವನಲ್ಲ, ಮ್ಯಾಗಿ. ನಾನು ಹೇಳಿದೆ, ಈಗ ನನ್ನ ಗಂಟಲು ಸರಿಯಾಗಿದೆ, ದಿನಾ ಅಭ್ಯಾಸ ಮಾಡುತ್ತಿದ್ದೇನೆ, ಅಲ್ಲಿ ಒಂದೆರಡು ಹಾಡನ್ನು ನಿಜವಾಗಿ ಹಾಡುತ್ತೇನೆ ಎಂದು. ಅವನು ಪ್ರೀತಿಯಿಂದಲೇ ಹೇಳಿದ, “ಹಾಡುವ ತಲೆಬಿಸಿ ನಿನಗೆ ಎಂತಕ್ಕೆ ಮಾರಾಯ್ತಿ? ನೀನು ಬಂದು ನಿಂತರೆ ಸಾಕು.”

ಆ ಮಾತನ್ನು ಹಿಡಿದುಕೊಂಡು ಎರಡು ದಿನ ಮನೆಯೊಳಗೆ ತಿರುಗಿದೆ. ಮೂರನೆಯ ದಿನ ಅವನಿಗೆ ಇಲ್ಲ ಎಂದು ಹೇಳಿದೆ, ಮೂರು ವರ್ಷದ ಒಪ್ಪಂದಕ್ಕೂ ಸೇರಿಸಿ. ಅವನು ಬೇಜಾರು ಮಾಡಿಕೊಂಡ. ಫೋನ್ ಇಟ್ಟ ಮೇಲೆ ಅಳು ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ. ಹಸಿವಾಯಿತು. ಅಮ್ಮ ಮಾಡಿಟ್ಟ ಬಂಗುಡೆ ಮೀನಿನ ಪುಳಿಮುಂಚಿ ಸಾರಿನಲ್ಲಿ ಅನ್ನ ಮೂರು ಸಲ ಹಾಕಿಸಿಕೊಂಡೆ.

ಇದು ನಿನಗೋಸ್ಕರ ಅಲ್ಲ. ಅದನ್ನು ಸ್ಪಷ್ಟವಾಗಿ ಬರೆಯಬೇಕು ಅನಿಸಿತು. ನನಗೆ ಹಾಡಬೇಕು, ಅಷ್ಟೆ.

ಈಗ ನನ್ನ ಕಡೆಯದ್ದು. ನಿನ್ನ ಪತ್ರದಿಂದ ನನ್ನ ತಪ್ಪು ಅಳಿಯುವುದಿಲ್ಲ. ಹಾಡು ಬಿಡುಗಡೆಯಾಗುವ ಎರಡು ದಿನ ಮೊದಲು ಹೆಸರುಗಳ ಪಟ್ಟಿಯನ್ನು ನನಗೆ ತೋರಿಸಿದ್ದರು. ರಾಗದ ಮುಂದೆ ಬೇರೆಯವರ ಹೆಸರಿತ್ತು. ಮ್ಯಾಗ್ಡಲಿನ್ ಉತ್ತರ ಕೊಡಲಿಲ್ಲ ಎಂದು ಕಂಪನಿಯವರು ಹೇಳಿದರು. ನಿನ್ನ ಮನೆಗೆ ಒಂದು ಫೋನ್ ಮಾಡಿ ಕೇಳಬಹುದಿತ್ತು, ಬಸ್ಸು ಹತ್ತಿ ಬರಬಹುದಿತ್ತು. ಕೇಳಿದರೆ ಬಿಡುಗಡೆ ನಿಂತೀತು ಎಂಬ ಭಯ. ಹಾಗಾದರೆ ನಿನಗೊಂದು ಭಯ, ನನಗೊಂದು. ಒಬ್ಬಳ ಮೇಲೆಯೇ ಹಾಕಿಕೊಂಡು ಆರು ವರ್ಷ ಹೊತ್ತದ್ದು ದಡ್ಡತನ. ಇಬ್ಬರಿಗೆ ಹಂಚಿದಾಗ ಇದು ಇಷ್ಟೇಯಾ ಅನಿಸುತ್ತದೆ.

ಹೆಸರು ತಿದ್ದಬೇಕೆಂದು ಕಂಪನಿಗೆ ಬರೆದಿದ್ದೇನೆ. ಒಪ್ಪಂದ ಮುಗಿಯುವ ಮುಂಚೆ ಮಾಡಿಕೊಡುತ್ತೇವೆ ಎಂದಿದ್ದಾರೆ. ಈ ಸಲ ಅವರು ಕಾಗದ ಕಳಿಸಿದರೆ ಸಹಿ ಮಾಡು ಮಾರಾಯ್ತಿ, ಅಳಿಸಬೇಡ.

ಶನಿವಾರ ಬರುತ್ತೇನೆ. ಸೀಟು ಉಂಟಾ?

ನವ್ಯ


ಕಾರ್ಕಳ
೫ ಡಿಸೆಂಬರ್ ೨೦೨೪

ನವ್ಯ,

ಉಂಟು. ಬೇರೆಯವರನ್ನು ತಯಾರು ಮಾಡುತ್ತೇನೆ ಎಂದು ಬರೆದಿದ್ದೆ, ಮಾಡಲಿಲ್ಲ. ಮೂರು ವಾರ ಆರನೇ ಸೀಟಿನ ಮೇಲೆ ನನ್ನ ಚೀಲ ಇಟ್ಟಿದ್ದೆ. ಲಿಯೋನೆಲ್ ಸರ್ ನೋಡಿಯೂ ನೋಡದ ಹಾಗೆ ಇದ್ದರು.

ನಿನಗೆ ಸಿಟ್ಟು ಬಂದದ್ದು ಓದಿ ಉಸಿರು ಬಂತು. ಪರವಾಗಿಲ್ಲ ಮ್ಯಾಗಿ ಎಂದು ಬರೆದಿದ್ದರೆ ನಾನು ನಂಬುತ್ತಿರಲಿಲ್ಲ.

ಕಂಪನಿಯ ಕಾಗದ ನಿನ್ನೆ ಬಂತು. ಸಹಿ ಮಾಡಿ ಕಳಿಸಿದೆ. ಡೊಮಿನಿಕ್‌ಗೆ ಎಲ್ಲವನ್ನೂ ಹೇಳಿದೆ. ಅವನು, “ಇಷ್ಟು ವರ್ಷ ನಾನು ಅವಳನ್ನು ಬೈದದ್ದೆಲ್ಲ ದಂಡ,” ಎಂದ. ಕ್ಷಮೆ ಕೇಳುತ್ತಾನಂತೆ. ನಗಬೇಡ, ಅವನು ಗಂಭೀರವಾಗಿ ಹೇಳಿದ್ದಾನೆ.

ಮೂರು ವಾರದ ಪಾಠ ಬಾಕಿ ಉಂಟು. ಒಂದು ಗಂಟೆ ಮೊದಲು ಬಾ.

ಮ್ಯಾಗಿ


ಕಾರ್ಕಳ
೧೩ ಜನವರಿ ೨೦೨೫

ನವ್ಯ,

ಶನಿವಾರ ಪ್ರಯೋಗ ಮುಗಿದ ಮೇಲೆ ಆ ಗಲಾಟೆಯಲ್ಲಿ ನಿನ್ನೊಡನೆ ಸರಿಯಾಗಿ ಮಾತಾಡಲು ಆಗಲಿಲ್ಲ. ಈಗ ನಿನ್ನ ನಂಬರೂ ನನ್ನಲ್ಲಿ ಉಂಟು, ನನ್ನದೂ ನಿನ್ನಲ್ಲಿ ಉಂಟು. ಆದರೂ ಇದನ್ನು ಬರೆದೇ ಹೇಳಬೇಕು.

ಮಣಿಪಾಲದ ಜನ ಸುಲಭಕ್ಕೆ ಒಪ್ಪುವವರಲ್ಲ. ಮೊದಲ ಅರ್ಧ ಗಂಟೆ ಅರ್ಧ ಸಭೆ ನಿನ್ನನ್ನೇ ನೋಡುತ್ತಿತ್ತು, ಆ ಪಾಪ್ ಹಾಡಿನ ಹುಡುಗಿ ಯಾವಾಗ ಎದ್ದು ಕುಣಿಯುತ್ತಾಳೆ ಎಂದು. ನೀನು ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದೆ. ಅಲ್ಲಿ ಕಿಟಕಿಯೂ ಇಲ್ಲ, ಹೊರಗೂ ಇಲ್ಲ, ಒಂದು ಬಿದಿರಿನ ಚೌಕಟ್ಟು. ಸ್ವಲ್ಪ ಹೊತ್ತಿನಲ್ಲಿ ಅವರು ನಿನ್ನನ್ನು ಮರೆತರು. ಮುದ್ದಣ್ಣನ ತಮಾಷೆಗೆ ನಗಲು ಸುರು ಮಾಡಿದರು. ಆಗಲೇ ನನಗೆ ಧೈರ್ಯ ಬಂದದ್ದು.

ನಿಟ್ಟೆ ಬಂತು. ಮುದ್ದಣ್ಣ ಸೀಟಿ ಊದಿ, “ನಿಟ್ಟೆ ಇಳಿಯುವವರು,” ಎಂದ. ನೀನು ಎದ್ದು ನಿಂತೆ. ಕಂಬಿ ಹಿಡಿದೆ. ಹಾಡು ತೆಗೆದೆ. ಮೂರನೆಯ ಸಾಲಿನ ಮೇಲಿನ ಸ್ವರದಲ್ಲಿ ದನಿ ಸ್ವಲ್ಪ ಒಡೆಯಿತು. ಆಯ್ಕೆಯ ದಿನ ಒಡೆದ ಹಾಗೆಯೇ. ಶ್ರುತಿ ಇಳಿಸುವ ಹಾಗಿರಲಿಲ್ಲ. ನೀನು ನಿಲ್ಲಲಿಲ್ಲ, ಒಡೆದ ದನಿಯ ಮೇಲೆಯೇ ಕಾಲಿಟ್ಟು ಮುಂದೆ ಹೋದೆ. ಮಗಳ ಮನೆಗೆ ಹೋಗಲು ಹೆದರುವ ಹೆಂಗಸಿನ ದನಿ ಒಡೆಯದೆ ಇನ್ನು ಹೇಗಿರುತ್ತದೆ?

ಯಾರಿಗೂ ಗೊತ್ತಾಗದ ಒಂದು ವಿಷಯ ನಿನಗೆ ಹೇಳಬೇಕು. ಆಮೇಲಿನ ಎರಡು ಸಾಲು ನಾನು ಹಾರ್ಮೋನಿಯಂ ನುಡಿಸಲೇ ಇಲ್ಲ. ಕೇಳುತ್ತ ಕುಳಿತುಬಿಟ್ಟೆ. ನೀನು ಒಬ್ಬಳೇ ಹಾಡಿದೆ, ಇಡೀ ಸಭಾಂಗಣದಲ್ಲಿ ಬೇರೆ ಸದ್ದಿಲ್ಲ. ಸ್ವರ ಒಂದು ಕೂದಲೆಳೆಯಷ್ಟೂ ಇಳಿದಿರಲಿಲ್ಲ. ನಾನು ಮತ್ತೆ ಸೇರಿಕೊಂಡಾಗ ಶ್ರುತಿ ಸರಿಯಾಗಿ ಕುಳಿತಿತು. ಮುಗಿದ ಮೇಲೆ ಲಿಯೋನೆಲ್ ಸರ್ ಬಂದು ಹೇಳಿದರು, ಅಲ್ಲಿ ಹಾರ್ಮೋನಿಯಂ ನಿಲ್ಲಿಸಿದ್ದು ಒಳ್ಳೆಯ ಯೋಚನೆ, ಇನ್ನು ಎಲ್ಲ ಪ್ರಯೋಗದಲ್ಲೂ ಹಾಗೆಯೇ ಮಾಡಿ ಎಂದು. ಸರಿ ಸರ್ ಎಂದೆ.

ಫೆಬ್ರವರಿ ಎಂಟಕ್ಕೆ ಕಾರ್ಕಳ, ಬಯಲಿನಲ್ಲಿ. ಗಾಳಿ ಇರುತ್ತದೆ, ಇನ್ನೂ ಸ್ಪಷ್ಟವಾಗಿ ಹಾಡಬೇಕು. ಮಾರ್ಚ್‌ನಿಂದ ಲಿಯೋನೆಲ್ ಸರ್ ಹೊಸ ನಾಟಕ ಸುರು ಮಾಡುತ್ತಾರಂತೆ, ಕಡಲ ತೀರದ ಹೂಡೆ ಊರಿನ ದೋಣಿಯವರ ಕಥೆ. ಹಾಡು ಕಟ್ಟಲು ನನ್ನನ್ನು ಕೇಳಿದ್ದಾರೆ. ಒಬ್ಬಳಿಂದ ಆಗುವುದಿಲ್ಲ, ಇಬ್ಬರು ಬೇಕು ಎಂದು ಹೇಳಿದ್ದೇನೆ. ನಿನ್ನ ಪರವಾಗಿ ಒಪ್ಪಿದ್ದೂ ಆಗಿದೆ. ಬೈಯುವುದಾದರೆ ಫೋನಿನಲ್ಲಿ ಬೈ.

ಪ್ರೀತಿಯಿಂದ
ಮ್ಯಾಗಿ


ಕಾಪು
೯ ಫೆಬ್ರವರಿ ೨೦೨೫, ಭಾನುವಾರ

ಮಗಾ ಮ್ಯಾಗಿ,

ನಾನು ನವ್ಯನ ಅಮ್ಮ ರತ್ನಾವತಿ. ನಿಮ್ಮಿಬ್ಬರ ಪತ್ರ ಬರುವುದು ಹೋಗುವುದು ನೋಡಿ ನೋಡಿ ನನಗೂ ಒಂದು ಬರೆಯುವ ಆಸೆ ಆಯಿತು. ಏಳನೇ ಕ್ಲಾಸಿನ ಮೇಲೆ ಕಾಗದ ಬರೆದವಳಲ್ಲ, ತಪ್ಪಿದ್ದರೆ ತಿದ್ದಿ ಓದು.

ನಿನ್ನೆ ಕಾರ್ಕಳದಲ್ಲಿ ನಾಟಕ ನೋಡಿದೆ. ನಾನು, ಧನರಾಜ್, ಮಾರ್ಕೆಟಿನ ಆರು ಮಂದಿ ಹೆಂಗಸರು ಪಿಕಪ್ಪಿನಲ್ಲಿ ಬಂದದ್ದು. ನನಗೆ ಹಾಡಿನ ವಿಷಯ ಗೊತ್ತಿಲ್ಲ. ಅವಳು ಟಿವಿಯಲ್ಲಿ ಬಂದಾಗಲೂ ನೋಡುತ್ತಿದ್ದೆ, ಎಲ್ಲರಿಗೆ ತೋರಿಸುತ್ತಿದ್ದೆ. ಆದರೆ ಅದು ನನ್ನ ಮಗಳ ಸ್ವರ ಅಂತ ನನಗೆ ಅನಿಸುತ್ತ ಇರಲಿಲ್ಲ. ಯಾರದೋ ಸ್ವರ, ನನ್ನ ಮಗಳ ಬಾಯಿ. ಅದನ್ನು ಅವಳ ಹತ್ತಿರ ಹೇಗೆ ಹೇಳುವುದು, ಹೇಳಲಿಲ್ಲ. ನಿನ್ನೆ ಹಾಡಿದ್ದು ಅವಳೇ. ಸಣ್ಣದಿರುವಾಗ ಕರೆದರೆ ಗದ್ದೆಯಾಚೆಯಿಂದ ಓ ಅನ್ನುತ್ತಿದ್ದಳಲ್ಲ, ಅದೇ ಸ್ವರ.

ನನ್ನ ಹತ್ತಿರ ಕೂತ ಒಂದು ಅಜ್ಜಿ ನಾಟಕ ಮುಗಿದ ಮೇಲೂ ಏಳಲಿಲ್ಲ. ಎಂತ ಅಜ್ಜಿ ಎಂದು ಕೇಳಿದೆ. ನಾಳೆ ತಂಗಿಯ ಮನೆಗೆ ಹೋಗಬೇಕು, ಬಸ್ಸು ಎಷ್ಟು ಗಂಟೆಗೆ ಅಂತ ಯೋಚನೆ ಮಾಡುತ್ತಿದ್ದೇನೆ ಎಂದರು. ಇದನ್ನು ನಿನಗೆ ಹೇಳಬೇಕು ಅಂತಲೇ ಈ ಪತ್ರ. ನಿನ್ನ ಹಾಡಿನಿಂದ ಆದದ್ದು.

ಮುಂಬೈಯಿಂದ ಬಂದಾಗ ಅವಳು ಮನೆಯಲ್ಲಿ ಮೆಲ್ಲ ಮಾತಾಡುತ್ತಿದ್ದಳು, ಗಂಟಲು ಹಾಳಾಗುತ್ತದೆ ಅಂತ. ನಿದ್ರೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದಳು, ನನಗೆ ಗೊತ್ತಿಲ್ಲ ಅಂತ ಅವಳ ಲೆಕ್ಕ. ನಿನ್ನೆ ಹಿಂದೆ ಬರುವಾಗ ಧನರಾಜನ ಹತ್ತಿರ ದಾರಿಯುದ್ದಕ್ಕೂ ಜಗಳ, ಅವನು ಬ್ರೇಕ್ ಜೋರು ಹಾಕುತ್ತಾನೆ ಅಂತ. ಮಾರ್ಕೆಟಿನ ಹೆಂಗಸರ ಜತೆ ಸೇರಿ ಬೊಬ್ಬೆ ಹಾಕಿ ಹಾಡಿದಳು. ಬೆಳ್ಮಣ್‌ನಲ್ಲಿ ಪಿಕಪ್ ನಿಲ್ಲಿಸಿ ಎಲ್ಲರೂ ಚಾ ಕುಡಿದೆವು. ಚಾ ಅಂಗಡಿಯವನು ನೀವು ಯಾವ ಪಾರ್ಟಿಯವರು ಅಂತ ಕೇಳಿದ.

ಇವತ್ತು ಬೆಳಿಗ್ಗೆ ನಾನು ಮಾರ್ಕೆಟಿಗೆ ಹೋಗುವಾಗ ಮಲಗಿದ್ದಳು. ಮಾತ್ರೆಯ ಡಬ್ಬಿ ನೋಡಿದೆ, ಹೊಸ ವರ್ಷದಿಂದ ಮುಟ್ಟಲಿಲ್ಲ. ಈಗ ಹನ್ನೆರಡೂವರೆ. ಮೀನು ಮಾರಿ ಬಂದು, ಸ್ನಾನ ಮಾಡಿ, ಗಂಜಿ ಬಸಿದು ಕೂತಿದ್ದೇನೆ. ಇನ್ನೂ ಎದ್ದಿಲ್ಲ.

ಈಗ ಇದನ್ನು ಬರೆಯುವಾಗ ಅವಳ ಫೋನ್ ಹೊಡೆಯಿತು. ಎದ್ದುಬಿಡುತ್ತಾಳೆ ಅಂತ ನಾನೇ ಎತ್ತಿದೆ. ಪತ್ರಿಕೆಯವರಂತೆ, ನಾಟಕದ ಬಗ್ಗೆ ಕೇಳಲಿಕ್ಕೆ ಉಂಟು, ಒಮ್ಮೆ ಎಬ್ಬಿಸಿ ಅಮ್ಮ ಎಂದರು. ಪಾಪ, ಮರ್ಯಾದೆಯಲ್ಲೇ ಕೇಳಿದರು. ನಾನು ಹೇಳಿದೆ, “ಇಲ್ಲ ಮಗಾ. ಅವಳು ನಿನ್ನೆ ಹಾಡಿದ್ದಾಳೆ. ಹಾಡಿ ಬಚ್ಚಿ, ಸುಸ್ತಾಗಿ ಮಲಗಿದ್ದಾಳೆ. ನಾನು ಎಬ್ಬಿಸುವುದಿಲ್ಲ.”

ನಿನ್ನ
ರತ್ನಾವತಿ ಅಮ್ಮ